ನೀರು ಸಾಗಿಸುವುದಕ್ಕೆ ಸಾವಿರಾರು ಕೋಟಿ, ನೀರು ಹುಟ್ಟುವ ಕಾನಿಗೆ ಎಷ್ಟು?

2024ರ ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಒಂದು ಪ್ರಸ್ತಾವ ಮುಂದಿಟ್ಟರು. ಪಶ್ಚಿಮಘಟ್ಟದಲ್ಲಿ ಹುಟ್ಟುವ ನದಿಗಳ ನೀರು ಕುಡಿಯುವ ನಗರಗಳಲ್ಲಿ ನೀರಿನ ಬಿಲ್ಲಿಗೆ ಎರಡೋ ಮೂರೋ ರೂಪಾಯಿ ಹಸಿರು ಸೆಸ್ ಸೇರಿಸಬೇಕು, ಬಂದ ಹಣವನ್ನು ಘಟ್ಟದ ಕಾಡು ಕಾಯಲು ಮೂಲನಿಧಿಯಾಗಿ ಇಡಬೇಕು ಎಂಬುದು ಅದರ ತಿರುಳು. ಬೆಂಗಳೂರಿನಲ್ಲಿ ಕೂಡಲೇ ಆಕ್ಷೇಪ ಎದ್ದಿತು. ಇತ್ತ ಮಲೆನಾಡಿನ ನಮ್ಮಂಥವರಿಗೆ, ನೀರಿನ ಬೆಲೆಯಲ್ಲಿ ಕಾಡಿನ ಪಾಲೂ ಇದೆ ಎಂದು ಸರ್ಕಾರದ ಒಳಗಿನಿಂದಲೇ ಒಬ್ಬರು ಹೇಳಿದರಲ್ಲ ಎಂದು ಸಮಾಧಾನವಾಯಿತು.

ಆದರೆ ಲೆಕ್ಕ ಹಾಕಿ ನೋಡಿದರೆ ಆ ಸಮಾಧಾನ ಹೆಚ್ಚು ಹೊತ್ತು ಉಳಿಯುವುದಿಲ್ಲ. ಬೆಂಗಳೂರಿನಲ್ಲಿ 10 ಲಕ್ಷ ನಲ್ಲಿ ಸಂಪರ್ಕಗಳಿವೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಮೂರು ರೂಪಾಯಿಯಂತೆ ವರ್ಷಕ್ಕೆ ಬರುವುದು 3 ಕೋಟಿ 60 ಲಕ್ಷ. ಅದೇ ನಗರಕ್ಕೆ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ತಗುಲಿದ ವೆಚ್ಚ 4,300 ಕೋಟಿ ರೂಪಾಯಿಗೂ ಹೆಚ್ಚು. ನೀರನ್ನು ಪೈಪಿನಲ್ಲಿ ತರಲು ನಾಲ್ಕು ಸಾವಿರ ಕೋಟಿ ಹೊಂದಿಸಿದ ವ್ಯವಸ್ಥೆಗೆ ಆ ನೀರು ಹುಟ್ಟುವ ಬೆಟ್ಟಕ್ಕೆ ವರ್ಷಕ್ಕೆ ಮೂರೂವರೆ ಕೋಟಿ ಕೊಡುವ ಮಾತೇ ಭಾರವಾಗಿ ಕಂಡಿತು.

ಈ ಅಂತರ ಒಬ್ಬ ಸಚಿವರದ್ದೋ ಒಂದು ಪಕ್ಷದ್ದೋ ತಪ್ಪಲ್ಲ. ಬಜೆಟ್ಟಿನ ಲೆಕ್ಕಶೀರ್ಷಿಕೆಗಳನ್ನು ಹೆಣೆದ ರೀತಿಯಲ್ಲೇ ಅದು ಸೇರಿಕೊಂಡಿದೆ. ನೀರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸಕ್ಕೆ ಅಲ್ಲಿ ದೊಡ್ಡ ಜಾಗವಿದೆ. ನೀರು ಹುಟ್ಟುವಂತೆ ಕಾಯುವ ಕೆಲಸಕ್ಕೆ ಸರಿಯಾದ ಹೆಸರೂ ಇಲ್ಲ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ನೋಡಿದಾಗ ಇದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ, ರಾಜಧಾನಿಯಲ್ಲಿ ಕುಳಿತವರಿಗೆ ಯಾಕೆ ಕಾಣುವುದಿಲ್ಲ ಎಂದು ಬೇಸರವಾಗುತ್ತದೆ.

ಪುಸ್ತಕದಲ್ಲಿ ಕಾಡು ಎಲ್ಲಿದೆ

2025-26ರ ರಾಜ್ಯ ಬಜೆಟ್‌ನ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಇಲಾಖಾವಾರು ಹಂಚಿಕೆಯಲ್ಲಿ ಜಲಸಂಪನ್ಮೂಲಕ್ಕೆ 22,181 ಕೋಟಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆ 26,735 ಕೋಟಿ ಎಂದು ಪ್ರತ್ಯೇಕ ಸಾಲುಗಳಿವೆ. ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಇಲಾಖೆ ಆ ದೊಡ್ಡ ಸಾಲುಗಳಲ್ಲಿ ಸಿಗುವುದಿಲ್ಲ. ಅದು ‘ಇತರೆ’ ಎಂಬ ಗಂಟಿನೊಳಗೆ ಸೇರಿದೆ. ಕೇಂದ್ರದ ಕಥೆಯೂ ಬೇರೆಯಲ್ಲ. 2025-26ರಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಇಟ್ಟದ್ದು 3,412.82 ಕೋಟಿ. ಕೇಂದ್ರದ ಒಟ್ಟು ಬಜೆಟ್ 50.65 ಲಕ್ಷ ಕೋಟಿ. ಎಂದರೆ ನೂರು ರೂಪಾಯಿ ಖರ್ಚಿನಲ್ಲಿ ಏಳು ಪೈಸೆಗೂ ಕಡಿಮೆ.

ಇದರ ಪಕ್ಕದಲ್ಲಿ ಸಕಲೇಶಪುರದ ಎತ್ತಿನಹೊಳೆಯನ್ನು ಇಟ್ಟು ನೋಡಿ. 24.01 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರನ್ನು ಘಟ್ಟದಿಂದ ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರದವರೆಗೆ ಒಯ್ಯುವ ಆ ಯೋಜನೆಯ ಅಂದಾಜು 2012ರಲ್ಲಿ 8,323 ಕೋಟಿ ಇತ್ತು. 2014ರಲ್ಲಿ 12,912 ಕೋಟಿಯಾಯಿತು, 2023ರಲ್ಲಿ 23,251 ಕೋಟಿ ದಾಟಿತು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ ಚಾಲನೆ ಸಿಕ್ಕಿತು. ಇಡೀ ದೇಶದ ಪರಿಸರ ಸಚಿವಾಲಯಕ್ಕೆ ಸುಮಾರು ಏಳು ವರ್ಷ ಸಾಲುವಷ್ಟು ಹಣ ಒಂದೇ ತಿರುವು ಯೋಜನೆಯ ಲೆಕ್ಕದಲ್ಲಿದೆ.

ನಮ್ಮ ಮನೆಬಾಗಿಲಿನ ಉದಾಹರಣೆ ಭದ್ರಾ ಮೇಲ್ದಂಡೆ. ತುಂಗೆಯಿಂದ 17.4 ಟಿಎಂಸಿ ನೀರನ್ನು ಎತ್ತಿ ಭದ್ರಾ ಜಲಾಶಯಕ್ಕೆ ತರುವುದು, ಅಲ್ಲಿಂದ 29.9 ಟಿಎಂಸಿಯನ್ನು ಅಜ್ಜಂಪುರದ ಬಳಿಯ ಸುರಂಗದ ಮೂಲಕ ಬಯಲುಸೀಮೆಗೆ ಹರಿಸುವುದು. 2,25,515 ಹೆಕ್ಟೇರ್‌ಗೆ ನೀರಾವರಿ, 367 ಕೆರೆಗಳಿಗೆ ನೀರು. 12,340 ಕೋಟಿಯಿದ್ದ ಅಂದಾಜು 2020ರಲ್ಲಿ 21,473 ಕೋಟಿಗೆ ಏರಿತು. ಚಿತ್ರದುರ್ಗದ ರೈತನಿಗೆ ನೀರು ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಹಿರಿಯೂರು, ಹೊಸದುರ್ಗದ ಬಿಸಿಲಲ್ಲಿ ಕೊಳವೆಬಾವಿ ಕೊರೆಸಿ ಸೋತವರನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಆದರೆ ಇಪ್ಪತ್ತೊಂದು ಸಾವಿರ ಕೋಟಿ ಸುರಿದು ಕಟ್ಟಿದ ಕಾಲುವೆಯಲ್ಲಿ ಮುಂದಿನ ಐವತ್ತು ವರ್ಷ ನೀರು ಹರಿಯಬೇಕಾದರೆ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿಯ ಗುಡ್ಡಗಳು ಐವತ್ತು ವರ್ಷ ನೀರು ಹಿಡಿದಿಟ್ಟುಕೊಳ್ಳಬೇಕು. ಆ ಕೆಲಸದ ಖರ್ಚನ್ನು ಕಾಲುವೆಯ ಅಂದಾಜುಪಟ್ಟಿಯಲ್ಲೇ ಸೇರಿಸಬೇಕಿತ್ತು ಎಂಬುದು ನನ್ನ ತಕರಾರು.

ಕಟ್ಟುವ ಹಣ, ಕಾಯುವ ಹಣ

ಬಜೆಟ್‌ನಲ್ಲಿ ಖರ್ಚು ಎರಡು ಬಗೆ. ಅಣೆಕಟ್ಟು, ಪೈಪ್‌ಲೈನ್, ಹೊಳೆಯಿಂದ ನೀರೆತ್ತುವ ಜಾಕ್‌ವೆಲ್, ಓವರ್‌ಹೆಡ್ ಟ್ಯಾಂಕ್ ಇವೆಲ್ಲ ಬಂಡವಾಳ ವೆಚ್ಚ. ಆಸ್ತಿ ಸೃಷ್ಟಿಯಾಗುತ್ತದೆ ಎಂಬ ಕಾರಣಕ್ಕೆ ಸಾಲ ತಂದು ಮಾಡಬಹುದು, ವಿಶ್ವೇಶ್ವರಯ್ಯ ಜಲ ನಿಗಮದಂಥ ನಿಗಮಗಳ ಮೂಲಕವೂ ಮಾಡಿಸಬಹುದು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ದಿನಗೂಲಿ ವಾಚರನ ಸಂಬಳ, ಬೆಂಕಿರೇಖೆ ಸವರುವ ಕೂಲಿ, ಸುಟ್ಟ ಮೋಟರಿನ ರಿಪೇರಿ, ಪಂಚಾಯಿತಿ ವಾಟರ್‌ಮ್ಯಾನ್‌ಗೆ ಕೊಡುವ ಹಣ ಇವು ರಾಜಸ್ವ ವೆಚ್ಚ. ಇದಕ್ಕೆ ಆಯಾ ವರ್ಷದ ಆದಾಯದಿಂದಲೇ ಕೊಡಬೇಕೆಂಬುದು ಶಿಸ್ತು.

2025-26ರಲ್ಲಿ ರಾಜ್ಯದ ರಾಜಸ್ವ ವೆಚ್ಚ 3,11,739 ಕೋಟಿ, ಬಂಡವಾಳ ವೆಚ್ಚ 71,336 ಕೋಟಿ. ರಾಜಸ್ವ ಕೊರತೆಯೇ 19,262 ಕೋಟಿ. ಸಂಬಳ, ಪಿಂಚಣಿ, ಬಡ್ಡಿ ಇವುಗಳಲ್ಲಿ ಒಂದು ಪೈಸೆ ಕಡಿತ ಮಾಡಲಾಗದು. ಗ್ಯಾರಂಟಿ ಯೋಜನೆಗಳಿಗೆ 51,034 ಕೋಟಿ ಇಟ್ಟಾಗಿದೆ, ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಹಣಕಾಸು ಇಲಾಖೆ ಕತ್ತರಿ ಹಿಡಿದಾಗ ಕೈಗೆ ಸಿಗುವುದು ನಿರ್ವಹಣೆಯ ಚಿಕ್ಕ ಚಿಕ್ಕ ಸಾಲುಗಳು. ಗ್ಯಾರಂಟಿಗಳಿಂದಲೇ ಹೀಗಾಯಿತು ಎನ್ನುವವರಿದ್ದಾರೆ. ಗ್ಯಾರಂಟಿ ಬರುವುದಕ್ಕೆ ಮೊದಲೂ ಮಲೆನಾಡಿನ ನೀರಿನ ಯೋಜನೆಗಳ ಮೋಟರು ಸುಟ್ಟರೆ ತಿಂಗಳುಗಟ್ಟಲೆ ಸುಟ್ಟೇ ಇರುತ್ತಿತ್ತು. ಹೊಸ ಟ್ಯಾಂಕಿಗೆ ಗುದ್ದಲಿ ಪೂಜೆ ಇದೆ, ಹಳೆಯ ಟ್ಯಾಂಕಿನ ವಾಲ್ವ್ ಬದಲಿಸುವುದಕ್ಕೆ ಇಲ್ಲ. ಹಾಗಾಗಿ ಶಾಸಕರೂ ಗುತ್ತಿಗೆದಾರರೂ ಹೊಸದನ್ನೇ ಕೇಳುತ್ತಾರೆ.

ಕಾಡು ಕಾಯುವುದು ಪೂರ್ತಿಯಾಗಿ ಈ ಎರಡನೇ ಬಗೆಯ ಖರ್ಚು. ಕಾನು ಎಂದರೆ ನಮ್ಮ ಕಡೆಯ ದಟ್ಟ ಹಸಿರು ಕಾಡು; ಅದರ ನೆಲದ ಮೇಲೆ ಮೊಣಕಾಲುದ್ದ ಬಿದ್ದ ದರಕು, ಅಂದರೆ ಒಣಎಲೆ, ಒಂದು ಬೇಸಿಗೆಯಲ್ಲಿ ಸುಟ್ಟುಹೋದರೆ ಮುಂದಿನ ಜೂನ್‌ನಲ್ಲಿ ಮಳೆ ನೇರವಾಗಿ ಮಣ್ಣಿಗೆ ಹೊಡೆಯುತ್ತದೆ. ಇಂಗಬೇಕಾದ ನೀರು ಕೆಂಪಾಗಿ ಹಳ್ಳಕ್ಕೆ ಓಡುತ್ತದೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಜಲಾಶಯದ ತಳಕ್ಕೆ. ಬೆಂಕಿ ವಾಚರನೊಬ್ಬನ ನಾಲ್ಕು ತಿಂಗಳ ಕೂಲಿ ಉಳಿಸಿದ್ದರ ನಷ್ಟ ಹೂಳಿನ ರೂಪದಲ್ಲಿ ಬೇರೆ ಇಲಾಖೆಯ ಬೇರೆ ವರ್ಷದ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಯಾವ ಪುಸ್ತಕದಲ್ಲೂ ಇವೆರಡು ಒಂದೇ ಪುಟಕ್ಕೆ ಬರುವುದಿಲ್ಲ.

ಘೋಷಣೆ ಒಂದು, ಬಿಡುಗಡೆ ಇನ್ನೊಂದು

ಬಜೆಟ್ ಭಾಷಣದ ದಿನ ಪತ್ರಿಕೆಗಳಲ್ಲಿ ಬರುವುದು ಅಂದಾಜು. ವರ್ಷದ ಕೊನೆಯ ಹೊತ್ತಿಗೆ ಪರಿಷ್ಕೃತ ಅಂದಾಜು ಬರುತ್ತದೆ, ಅದಾದ ಮೇಲೆ ವಾಸ್ತವ ಲೆಕ್ಕ. ಮೊದಲನೆಯದನ್ನು ಮಾತ್ರ ಓದಿ ನಾವು ಹಿಗ್ಗುತ್ತೇವೆ ಅಥವಾ ಬೈಯುತ್ತೇವೆ.

ಜಲ ಜೀವನ್ ಮಿಷನ್ ಇದಕ್ಕೆ ಒಳ್ಳೆಯ ಪಾಠ. 2019ರ ಆಗಸ್ಟ್ 15ರಂದು ಘೋಷಣೆಯಾದ ಇದು ಪ್ರತಿ ಗ್ರಾಮೀಣ ಮನೆಗೆ ನಲ್ಲಿ ಹಾಕಿ, ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿ ಇಟ್ಟುಕೊಂಡಿತ್ತು. ನಮ್ಮಲ್ಲಿ ಇದು ‘ಮನೆ ಮನೆಗೆ ಗಂಗೆ’. ಕರ್ನಾಟಕಕ್ಕೆ ಕೇಂದ್ರ ಅರ್ಧ, ರಾಜ್ಯ ಅರ್ಧ. 2024-25ರಲ್ಲಿ ಕೇಂದ್ರ ಇದಕ್ಕೆ 70,163 ಕೋಟಿ ತೋರಿಸಿತು. ಪರಿಷ್ಕೃತ ಅಂದಾಜಿನಲ್ಲಿ ಅದು 22,694 ಕೋಟಿಗೆ ಇಳಿಯಿತು, ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಮರುವರ್ಷ ಮತ್ತೆ 67,000 ಕೋಟಿ ಬರೆದು ಗುರಿಯನ್ನು 2028ಕ್ಕೆ ಮುಂದೂಡಿದರು. ಹಳ್ಳಿಯಲ್ಲಿ ಇದರ ಅರ್ಥ ತುಂಬ ಸರಳ: ರಸ್ತೆ ಅಗೆದು ಪೈಪು ಹೂತಾಗಿದೆ, ಗೋಡೆಗೆ ನೀಲಿ ನಲ್ಲಿಯೂ ಬಂದಿದೆ, ಗುತ್ತಿಗೆದಾರನಿಗೆ ಬಿಲ್ ಆಗಿಲ್ಲ, ಕೆಲಸ ನಿಂತಿದೆ.

ಭದ್ರಾ ಮೇಲ್ದಂಡೆಯದ್ದೂ ಇದೇ ಹಾದಿ. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್ ಭಾಷಣದಲ್ಲಿ 5,300 ಕೋಟಿ ನೆರವು ಘೋಷಣೆಯಾಯಿತು. ಅದಾದ ಮೇಲೆ ಹಣ ಬಂದಿಲ್ಲ ಎಂದು ರಾಜ್ಯ ಸರ್ಕಾರ ವರ್ಷಗಟ್ಟಲೆ ಹೇಳುತ್ತ ಬಂತು. ಮಲೆನಾಡಿಗೆ ಕಾಮಗಾರಿಯ ಧೂಳು ಬಂತು, ಬಯಲುಸೀಮೆಗೆ ನೀರು ಬರುವುದು ತಡವಾಯಿತು, ವೆಚ್ಚ ಮಾತ್ರ ಏರುತ್ತಲೇ ಹೋಯಿತು.

ತಲೆ ಎಣಿಸುವ ಸೂತ್ರ

ಈ ಲೇಖನದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇದನ್ನು. ನೀರಿಗೆ ಬರುವ ಹಣವನ್ನು ಹಂಚುವ ಸೂತ್ರವೇ ಮಲೆನಾಡಿಗೆ ಒಗ್ಗುವುದಿಲ್ಲ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಚದರ ಕಿಲೋಮೀಟರ್‌ಗೆ 319 ಜನ. ಶಿವಮೊಗ್ಗ ಜಿಲ್ಲೆಯಲ್ಲಿ 207. ಹೊಸನಗರ, ತೀರ್ಥಹಳ್ಳಿಯ ಕಡೆ ಹೋದರೆ ಇನ್ನೂ ವಿರಳ. ಬಯಲುಸೀಮೆಯ ಊರಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿರುತ್ತವೆ, ಒಂದು ಬೀದಿಗೆ ಪೈಪು ಎಳೆದರೆ ನೂರು ಮನೆಗೆ ನೀರು. ನಮ್ಮಲ್ಲಿ ಒಂದು ಮನೆ ಈ ಗುಡ್ಡದ ಬುಡದಲ್ಲಿ, ಇನ್ನೊಂದು ಹಳ್ಳದಾಚೆ, ಮತ್ತೊಂದು ತೋಟದ ತಲೆಯ ಮೇಲೆ. ನೂರು ಮನೆ ಮುಟ್ಟಬೇಕಾದರೆ ಹತ್ತಾರು ಕಿಲೋಮೀಟರ್ ಪೈಪು ಬೇಕು, ನಡುವೆ ಏರಿಳಿತ, ಒತ್ತಡ ತಾಳದೆ ಒಡೆಯುವ ಜೋಡಣೆಗಳು, ಮಳೆಗಾಲದಲ್ಲಿ ಕೊಚ್ಚಿಹೋಗುವ ಕಾಲುದಾರಿ. 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ ಕೊಟ್ಟಿತು. ಜಲ ಜೀವನ್ ಮಿಷನ್ನಿನ ಗುರಿಯೂ ತಲೆಗೆ ಇಷ್ಟು ಲೀಟರ್ ಎಂಬುದೇ. ಸೂತ್ರ ತಲೆ ಎಣಿಸುತ್ತದೆ, ಪೈಪು ದೂರ ಎಣಿಸುತ್ತದೆ. ಆ ಎರಡರ ನಡುವಿನ ವ್ಯತ್ಯಾಸವನ್ನು ಕಡಿಮೆ ಆದಾಯದ ಸಣ್ಣ ಗ್ರಾಮ ಪಂಚಾಯಿತಿ ಹೊರಬೇಕು.

ಆ ಪಂಚಾಯಿತಿಗೆ ಆದಾಯವಾದರೂ ಎಲ್ಲಿಂದ? ಅದರ ಬಹುಪಾಲು ನೆಲ ಅರಣ್ಯ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಹಿನ್ನೀರು. ಕಂದಾಯ ಕಟ್ಟುವ ಕಟ್ಟಡಗಳು ಕಡಿಮೆ. ಹಾಗಾದರೆ ಕಾಡು ಇಟ್ಟುಕೊಂಡದ್ದೇ ಅದಕ್ಕೆ ಶಿಕ್ಷೆಯಾಯಿತು.

ವಿಚಿತ್ರವೆಂದರೆ ಕಾಡಿಗೆ ಬೆಲೆ ಕಟ್ಟುವ ತತ್ವವನ್ನು ದೇಶ ಈಗಾಗಲೇ ಒಪ್ಪಿಕೊಂಡಿದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ನಿರ್ಧರಿಸುವಾಗ 15ನೇ ಹಣಕಾಸು ಆಯೋಗ ಅರಣ್ಯ ಮತ್ತು ಪರಿಸರಕ್ಕೆ ಶೇ 10 ತೂಕ ಕೊಟ್ಟಿತು. ಕರ್ನಾಟಕಕ್ಕೆ ಬರುವ ತೆರಿಗೆ ಪಾಲಿನಲ್ಲಿ ಆಗುಂಬೆ, ಕೊಡಚಾದ್ರಿ, ಶರಾವತಿ ಕಣಿವೆಯ ಮರಗಳ ಗಳಿಕೆಯೂ ಇದೆ. ಹಾಗಿರುವಾಗ ಅದೇ ತತ್ವ ವಿಧಾನಸೌಧದಿಂದ ಗ್ರಾಮ ಪಂಚಾಯಿತಿಯವರೆಗೂ ಇಳಿದು ಬರಬೇಕಲ್ಲವೇ? ರಾಜ್ಯ ಹಣಕಾಸು ಆಯೋಗ ಇರುವುದೇ ಇಂಥ ಕೆಲಸಕ್ಕೆ. ಸಂವಿಧಾನದ 243-ಐ ವಿಧಿಯಂತೆ ಐದು ವರ್ಷಕ್ಕೊಮ್ಮೆ ಅದನ್ನು ನೇಮಿಸಬೇಕು, ಪಂಚಾಯಿತಿಗಳಿಗೆ ಹಣ ಹೇಗೆ ಹಂಚಬೇಕೆಂದು ಅದು ಹೇಳಬೇಕು. ಕಾಡಿನ ವಿಸ್ತೀರ್ಣಕ್ಕೂ ಮನೆಗಳ ನಡುವಿನ ದೂರಕ್ಕೂ ಆ ಸೂತ್ರದಲ್ಲಿ ನಿಜವಾದ ತೂಕ ಕೊಟ್ಟರೆ, ಮಲೆನಾಡಿನ ಶಾಸಕರು ವಿಶೇಷ ಪ್ಯಾಕೇಜ್ ಎಂದು ಪ್ರತಿವರ್ಷ ಬೇಡುವ ಅಗತ್ಯ ಬೀಳುವುದಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಈ ಅಂಕಿಯೇ ನಮಗೆ ಮುಳುವಾಗಿದೆ. ಅಟಲ್ ಭೂಜಲದಂಥ 6,000 ಕೋಟಿಯ ಅಂತರ್ಜಲ ಯೋಜನೆ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಅಂತರ್ಜಲ ಮಿತಿಮೀರಿ ತೆಗೆದ ತಾಲ್ಲೂಕುಗಳನ್ನು ಆರಿಸಿಕೊಂಡಿತು. ಅಂಥ ಪಟ್ಟಿಗಳಲ್ಲಿ ಘಟ್ಟದ ತಾಲ್ಲೂಕಿಗೆ ಜಾಗ ಸಿಗುವುದು ಕಷ್ಟ, ಕಾಗದದಲ್ಲಿ ನಾವು ಸುರಕ್ಷಿತ. ಆದರೆ ಇಲ್ಲಿನ ಜಂಬಿಟ್ಟಿಗೆ ನೆಲ ನೀರನ್ನು ಬೇಗ ಕುಡಿದು ಬೇಗ ಬಿಟ್ಟುಬಿಡುತ್ತದೆ. ಸುರಿದದ್ದರ ಬಹುಪಾಲು ನಾಲ್ಕು ತಿಂಗಳಲ್ಲಿ ಹೊಳೆ ಸೇರಿ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ತಳ ಕಾಣುತ್ತದೆ, ಗುಡ್ಡದ ಒರತೆಯಿಂದ ಇಳಿಯುವ ಅಬ್ಬಿ ನೀರು ಬೆರಳಷ್ಟು ಸಣ್ಣದಾಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿದಾಗ ಮಲೆನಾಡಿನ ತಾಲ್ಲೂಕುಗಳೂ ಅದರಲ್ಲಿದ್ದವು. ಬರ ಘೋಷಣೆಯಾದ ಮೇಲೆ ಟ್ಯಾಂಕರಿಗೆ, ಕೊಳವೆಬಾವಿಗೆ ದುಡ್ಡು ಸಿಗುತ್ತದೆ. ಅದಕ್ಕೆ ಮೊದಲು ಒರತೆ ಉಳಿಸಲು ಸಿಗುವುದಿಲ್ಲ.

ಒರತೆಗೆ ಯಾವ ಲೆಕ್ಕಶೀರ್ಷಿಕೆ

ಗುಡ್ಡದ ಮೇಲಿನ ಕಾನು, ಅದರ ಬುಡದ ಒರತೆ, ಅಲ್ಲಿಂದ ಅಡಿಕೆಮರ ಸೀಳಿದ ದಬ್ಬೆಯಲ್ಲಿ, ಈಗ ಕರಿಪೈಪಿನಲ್ಲಿ ಮನೆಯಂಗಳಕ್ಕೆ ಇಳಿಯುವ ಅಬ್ಬಿ ನೀರು. ವಿದ್ಯುತ್ ಬೇಡ, ಮೋಟರು ಬೇಡ. ಮಲೆನಾಡಿನ ಎಷ್ಟೋ ಕುಟುಂಬಗಳ ಕುಡಿಯುವ ನೀರು ಇವತ್ತಿಗೂ ಇದೇ. ಸರ್ಕಾರದ ನೀರಿನ ಯೋಜನೆಗಳು ಬಂದಾಗ ಇದನ್ನು ಮೂಲವೆಂದೇ ಪರಿಗಣಿಸದೆ ಕೊಳವೆಬಾವಿ ಕೊರೆದು ಟ್ಯಾಂಕ್ ಕಟ್ಟಿದ್ದು, ಇಲ್ಲವೇ ಹೊಳೆಯಿಂದ ಬಹುಗ್ರಾಮ ಯೋಜನೆ ಎಳೆದದ್ದು ಹೆಚ್ಚು. ಜಲ ಜೀವನ್ ಮಿಷನ್ನಿನ ಮಾರ್ಗಸೂಚಿಯಲ್ಲಿ ನೀರಿನ ಮೂಲ ಬತ್ತದಂತೆ ನೋಡಿಕೊಳ್ಳಬೇಕು ಎಂಬ ಮಾತೇನೋ ಇದೆ. ಅದಕ್ಕೆ ನರೇಗಾ ಮತ್ತು ಹಣಕಾಸು ಆಯೋಗದ ಅನುದಾನವನ್ನು ಜೊತೆಗೂಡಿಸಿಕೊಳ್ಳಿ ಎಂದು ಹೇಳಿ ಕೈತೊಳೆದುಕೊಂಡರು.

ಜೊತೆಗೂಡಿಸುವುದು ಕಾಗದದಲ್ಲಿ ಸುಲಭ. ನರೇಗಾದಲ್ಲಿ 2025-26ಕ್ಕೆ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ಮಲೆನಾಡಿನ ಕೂಲಿ ಇದಕ್ಕಿಂತ ಎಷ್ಟೋ ಹೆಚ್ಚು. ಇಂಗುಗುಂಡಿ ತೆಗೆಯಲು ಗುಡ್ಡ ಹತ್ತುವವರು ಯಾರು? ಕೂಲಿಗೆ ಶೇ 60, ಸಾಮಗ್ರಿಗೆ ಶೇ 40 ಎಂಬ ನಿಯಮವೂ ಕಲ್ಲುಕಟ್ಟೆಯ ಕೆಲಸಕ್ಕೆ ಅಡ್ಡ ಬರುತ್ತಿತ್ತು. 2025ರ ಡಿಸೆಂಬರ್‌ನಲ್ಲಿ ನರೇಗಾದ ಜಾಗಕ್ಕೆ ಬಂದ ಹೊಸ ಕಾಯ್ದೆಯಲ್ಲಿ ವೆಚ್ಚದ ಶೇ 40ರಷ್ಟನ್ನು ರಾಜ್ಯವೇ ಹೊರಬೇಕು. ಮೊದಲೇ ಕೊರತೆಯಲ್ಲಿರುವ ರಾಜ್ಯ ಬೆಟ್ಟದ ಒರತೆಯ ಕೆಲಸಕ್ಕೆ ಎಷ್ಟು ಉತ್ಸಾಹ ತೋರೀತು ಎಂಬ ಚಿಂತೆ ನನಗಿದೆ.

ಆಗುವುದೇ ಇಲ್ಲ ಎಂದಲ್ಲ. ಸಿಕ್ಕಿಂ ರಾಜ್ಯ 2008ರಲ್ಲಿ ಧಾರಾ ವಿಕಾಸ್ ಎಂಬ ಕೆಲಸ ಆರಂಭಿಸಿತು. ಬತ್ತುತ್ತಿರುವ ಒರತೆಗೆ ನೀರು ಗುಡ್ಡದ ಯಾವ ಭಾಗದಲ್ಲಿ ಇಂಗುತ್ತದೆ ಎಂಬುದನ್ನು ಬಂಡೆಯ ಪದರಗಳ ವಾಲು ನೋಡಿ ಗುರುತಿಸಿದರು, ಅಲ್ಲಿ ಅಡ್ಡಗುಂಡಿಗಳನ್ನು ತೋಡಿದರು, ಖರ್ಚನ್ನು ನರೇಗಾದಿಂದ ಭರಿಸಿದರು. ಒರತೆ ಒಂದು ಕಡೆ, ಇಂಗುವ ಜಾಗ ಕೆಲವೊಮ್ಮೆ ಗುಡ್ಡದ ಬೆನ್ನಿನ ಆಚೆ. ಇದನ್ನು ತಿಳಿಯದೆ ಎಲ್ಲೆಂದರಲ್ಲಿ ಗುಂಡಿ ತೆಗೆದರೆ ಉಪಯೋಗವಿಲ್ಲ, ಮಲೆನಾಡಿನ ಇಳಿಜಾರಿನಲ್ಲಿ ಕುಸಿತದ ಅಪಾಯವೂ ಇದೆ. ಅಲ್ಲಿ ಹಣಕ್ಕಿಂತ ಮೊದಲು ಆದದ್ದು ಊರವರಿಗೆ ಭೂವಿಜ್ಞಾನದ ತರಬೇತಿ. ನಮ್ಮಲ್ಲೂ ಅಂಥ ತರಬೇತಿ ಪಡೆದ ಇಬ್ಬರು ಹುಡುಗರು ಒಂದು ಪಂಚಾಯಿತಿಗೆ ಇದ್ದರೆ ಸಾಕು. ಈ ಖರ್ಚು ಒಂದು ಓವರ್‌ಹೆಡ್ ಟ್ಯಾಂಕಿನ ಪಾಲಿಗೂ ಬರುವುದಿಲ್ಲ.

ಪೈಪು ಹಾದುಹೋಗಲು ಅರಣ್ಯ ಇಲಾಖೆ ಬಿಡುವುದಿಲ್ಲ ಎಂಬ ದೂರು ಗ್ರಾಮಸಭೆಗಳಲ್ಲಿ ಸಾಮಾನ್ಯ. ಇದಕ್ಕೆ ಕಾನೂನಿನಲ್ಲಿ ದಾರಿಯಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಪ್ರಕಾರ ಕುಡಿಯುವ ನೀರು, ಪೈಪ್‌ಲೈನ್, ಶಾಲೆ, ಅಂಗನವಾಡಿಯಂಥ ಹದಿಮೂರು ಬಗೆಯ ಸೌಕರ್ಯಗಳಿಗೆ ತಲಾ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯಭೂಮಿಯನ್ನು ಗ್ರಾಮಸಭೆಯ ಶಿಫಾರಸಿನ ಮೇಲೆ ಬಳಸಬಹುದು, ಹೆಕ್ಟೇರ್‌ಗೆ ಕಡಿಯುವ ಮರ 75 ಮೀರಬಾರದು. ಕಾಡು ಕಾಯುವ ಕಾನೂನು ಕಾಡಂಚಿನ ಮನೆಯ ನೀರನ್ನು ತಡೆಯಬೇಕಾಗಿಲ್ಲ.

ಕಾಡು ಕಡಿದಾಗ ಮಾತ್ರ ಬರುವ ಹಣ

ಅರಣ್ಯಕ್ಕೆ ಹಣವೇ ಇಲ್ಲ ಎಂದರೆ ಅರ್ಧ ಸತ್ಯ. ಅರಣ್ಯಭೂಮಿಯನ್ನು ಗಣಿಗೋ ರಸ್ತೆಗೋ ವಿದ್ಯುತ್ ಯೋಜನೆಗೋ ಕೊಟ್ಟಾಗ ಅದರ ಪರಿಹಾರವಾಗಿ ಬರುವ ಹಣ ಪರಿಹಾರಾತ್ಮಕ ಅರಣ್ಯೀಕರಣ ನಿಧಿಗೆ ಸೇರುತ್ತದೆ. 2016ರಲ್ಲಿ ಇದಕ್ಕೆ ಕಾಯ್ದೆ ಬಂತು, 2019ರ ಆಗಸ್ಟ್‌ನಲ್ಲಿ ಕೇಂದ್ರ 47,436 ಕೋಟಿಯನ್ನು ರಾಜ್ಯಗಳಿಗೆ ವರ್ಗಾಯಿಸಿತು. ಈ ನಿಧಿಯ ಸ್ವಭಾವವನ್ನು ಗಮನಿಸಿ. ಕಾಡು ಹೋದಷ್ಟೂ ಹಣ ಬರುತ್ತದೆ. ಉಳಿಸಿಕೊಂಡ ಕಾನಿಗೆ, ಊರವರು ತಲೆಮಾರುಗಳಿಂದ ಕಾಯ್ದ ದೇವರಕಾಡಿಗೆ ಇದರ ಬಾಗಿಲು ತಾನಾಗಿ ತೆರೆಯುವುದಿಲ್ಲ.

ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲೆತ್ತಿ, ಮತ್ತೆ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಯ ಪ್ರಸ್ತಾವ ಇದೆ. ಅದಕ್ಕೆ ಸಿಂಗಳೀಕಗಳ ಅಭಯಾರಣ್ಯವೂ ಸೇರಿ ಸುಮಾರು 54 ಹೆಕ್ಟೇರ್ ಅರಣ್ಯ ಬೇಕು. ಪರಿಹಾರದ ಹಣದಿಂದ ಬೇರೆಲ್ಲೋ ಸಸಿ ನೆಡಬಹುದು. ಘಟ್ಟದ ಇಳಿಜಾರಿನ ಆ ನಿತ್ಯಹರಿದ್ವರ್ಣ ಕಾಡು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಡುವ ನೀರನ್ನು ಸಸಿ ನೆಟ್ಟು ತರಲಾಗದು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆಂದು ಜಿಲ್ಲೆಯ ಸುತ್ತ ಸುಮಾರು 20,000 ಹೆಕ್ಟೇರ್‌ನಲ್ಲಿ ಅಕೇಷಿಯಾ, ನೀಲಗಿರಿ ಬೆಳೆಸಿದ ಅನುಭವ ನಮ್ಮ ಮುಂದಿದೆ. ಕಾರ್ಖಾನೆ ನಿಂತುಹೋಗಿದ್ದರೂ 2020ರಲ್ಲಿ ಆ ಭೂಮಿಯ ಗುತ್ತಿಗೆಯನ್ನು ಮತ್ತೆ ನಲವತ್ತು ವರ್ಷಕ್ಕೆ ವಿಸ್ತರಿಸಿದಾಗ ಮಲೆನಾಡು ಸಿಟ್ಟಿಗೆದ್ದದ್ದು ಇದೇ ಕಾರಣಕ್ಕೆ. ಹಸಿರಾಗಿ ಕಾಣುವುದೆಲ್ಲ ನೀರು ಹಿಡಿಯುವುದಿಲ್ಲ. ನೆಟ್ಟ ಗಿಡಗಳ ಸಂಖ್ಯೆ ಹಾಕಿ ಮುಗಿಸುವ ಇಲಾಖೆಯ ವರದಿಯಲ್ಲಿ ಈ ಭೇದ ಬರುವುದಿಲ್ಲ.

ವಿದ್ಯುತ್ತಿನ ಮಾತು ಬಂದದ್ದಕ್ಕೆ ಇನ್ನೊಂದು ಹೋಲಿಕೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯಲ್ಲಿ ಸುಮಾರು 151 ಟಿಎಂಸಿ ನೀರು ನಿಲ್ಲುತ್ತದೆ. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಮನೆ, ಗದ್ದೆ, ತೋಟ ಮುಳುಗಿಸಿಕೊಂಡವರಲ್ಲಿ ಎಷ್ಟೋ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಹಿನ್ನೀರಿನಾಚೆಯ ತುಮರಿ, ಸಿಗಂದೂರಿನವರಿಗೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಿಕ್ಕಿದ್ದು 2025ರ ಜುಲೈ 14ರಂದು. 2008ರ ರಾಷ್ಟ್ರೀಯ ಜಲವಿದ್ಯುತ್ ನೀತಿಯಲ್ಲಿ, ಯೋಜನೆಯಿರುವ ರಾಜ್ಯಕ್ಕೆ ಸಿಗುವ ಶೇ 12 ಉಚಿತ ವಿದ್ಯುತ್ತಿನ ಜೊತೆಗೆ ಶೇ 1ರಷ್ಟನ್ನು ಆ ಪ್ರದೇಶದ ಅಭಿವೃದ್ಧಿ ನಿಧಿಗೆ ಕೊಡಬೇಕೆಂಬ ಅಂಶವಿದೆ. ಹಿಮಾಚಲದ ಹಳ್ಳಿಗಳು ಇದನ್ನು ಕೇಳಿ ಪಡೆಯುತ್ತವೆ. ಶರಾವತಿ ಅದಕ್ಕಿಂತ ಬಹಳ ಹಳೆಯ ಯೋಜನೆ, ಸರ್ಕಾರದ್ದೇ ನಿಗಮ, ಹಾಗಾಗಿ ಆ ನಿಯಮ ಅನ್ವಯಿಸುವುದಿಲ್ಲ. ಅದೇ ತತ್ವವನ್ನು ರಾಜ್ಯ ತಾನಾಗಿ ಅಳವಡಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಬೆಂಗಳೂರಿಗೆ ಲಿಂಗನಮಕ್ಕಿ ನೀರು ಒಯ್ಯುವ ಮಾತು 2019ರಲ್ಲಿ ಬಂದಾಗ ಜಿಲ್ಲೆಯೇ ಬಂದ್ ಆಯಿತು. ಆ ಸಿಟ್ಟಿನ ಹಿಂದೆ ಆರು ದಶಕಗಳ ಈ ಬಾಕಿ ಇತ್ತು.

ನಮ್ಮ ಕಡೆಯ ಲೆಕ್ಕ

ಎಲ್ಲವನ್ನೂ ವಿಧಾನಸೌಧದ ತಲೆಗೆ ಕಟ್ಟುವುದು ಪ್ರಾಮಾಣಿಕತೆಯಲ್ಲ. ಅಡಿಕೆಗೆ ಬೆಲೆ ಬಂದ ಮೇಲೆ ಮಳೆಗಾಲವಿಡೀ ನೀರು ನಿಲ್ಲಿಸಿಕೊಳ್ಳುತ್ತಿದ್ದ ಮಕ್ಕಿಗದ್ದೆಗಳು ತೋಟವಾದವು. ಭತ್ತದ ಗದ್ದೆ ಇಂಗಿಸುತ್ತಿದ್ದ ನೀರು ಈಗ ಬಸಿಗಾಲುವೆಯಲ್ಲಿ ಓಡುತ್ತದೆ, ಬೇಸಿಗೆಯಲ್ಲಿ ಆ ತೋಟಕ್ಕೆ ಕೊಳವೆಬಾವಿ ನೀರು ಬೇಕು. ಸೊಪ್ಪಿನಬೆಟ್ಟ ಬೋಳಾದದ್ದರಲ್ಲೂ ನಮ್ಮ ಕೈಯಿದೆ. 2024ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿ ಅಲ್ಲಿ ನಿರ್ಬಂಧ ಸೂಚಿಸಿದ ಕಸ್ತೂರಿರಂಗನ್ ವರದಿಯನ್ನು ರಾಜ್ಯ ಸಚಿವ ಸಂಪುಟ ತಿರಸ್ಕರಿಸಿದಾಗ ಮಲೆನಾಡಿನಲ್ಲಿ ಸ್ವಾಗತಿಸಿದವರೇ ಹೆಚ್ಚು. ಆ ಭಯ ನನಗೆ ಅರ್ಥವಾಗುತ್ತದೆ, ನಿರ್ಬಂಧದ ಪಟ್ಟಿ ಬಂದಿತ್ತೇ ಹೊರತು ಅದರ ಜೊತೆ ಒಂದು ರೂಪಾಯಿಯ ಭರವಸೆ ಬಂದಿರಲಿಲ್ಲ. ಕಾಡು ಉಳಿಸುವ ಹಳ್ಳಿಗೆ ಇಷ್ಟು ಅನುದಾನ ಎಂದು ಬಜೆಟ್‌ನಲ್ಲೇ ಬರೆದು ಅದರ ನಂತರ ನಿಯಮ ತಂದಿದ್ದರೆ ಚರ್ಚೆಯ ದನಿಯೇ ಬೇರೆಯಿರುತ್ತಿತ್ತು.

ಪೇಟೆಯೂ ಹೊರತಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿಭಾಗಗಳಲ್ಲಿ ತುಂಗೆಯೂ ಇದೆ, ಭದ್ರೆಯೂ ಇದೆ. ತುಂಗೆಯ ಕಲುಷಿತ ಭಾಗ ಶಿವಮೊಗ್ಗದಿಂದ ಕೂಡ್ಲಿಯವರೆಗೆ, ಎಂದರೆ ನಮ್ಮದೇ ಊರಿನ ಕೊಳಚೆ. ಸ್ಮಾರ್ಟ್ ಸಿಟಿ ಹಣದಲ್ಲಿ ನದಿ ದಂಡೆಗೆ ನಡಿಗೆಯ ಹಾದಿ, ಉದ್ಯಾನ ಬಂದವು. ಒಳಚರಂಡಿಯ ನೀರು ಪೂರ್ತಿ ಶುದ್ಧವಾಗಿ ಹೊಳೆ ಸೇರುವಂತಾಗುವುದು ಅದಕ್ಕಿಂತ ಮೊದಲು ಆಗಬೇಕಿದ್ದ ಕೆಲಸ. ತ್ಯಾಜ್ಯ ನಿರ್ವಹಣೆಯ ವೈಫಲ್ಯಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ರಾಜ್ಯಕ್ಕೆ ವಿಧಿಸಿದ ಪರಿಹಾರ 2,900 ಕೋಟಿ ರೂಪಾಯಿ. ಸಕಾಲದಲ್ಲಿ ಮಾಡದ ಖರ್ಚು ಹೀಗೆ ದಂಡವಾಗಿ ಬರುತ್ತದೆ.

ಮುಂದಿನ ಬಜೆಟ್‌ಗೆ ಮೊದಲು ಮಲೆನಾಡಿನ ಶಾಸಕರಿಂದ ನಾನು ಬಯಸುವುದು ಹೊಸ ಅಣೆಕಟ್ಟನ್ನಲ್ಲ, ವಿಶೇಷ ಪ್ಯಾಕೇಜನ್ನೂ ಅಲ್ಲ. ನೀರು ತಿರುಗಿಸುವ ಪ್ರತಿ ಯೋಜನೆಯ ಅಂದಾಜಿನಲ್ಲಿ ಶೇ 1ರಷ್ಟನ್ನು ಅದರ ಜಲಾನಯನದ ಕಾಡು, ಒರತೆ, ಕೆರೆಗಳಿಗೆ ಮೀಸಲಿಡಲು ಹೇಳಿ, ಅದನ್ನು ಆಯಾ ಗ್ರಾಮ ಪಂಚಾಯಿತಿ ಮತ್ತು ಗ್ರಾಮ ಅರಣ್ಯ ಸಮಿತಿಯ ಖಾತೆಗೆ ಹಾಕಿಸಿ. ಭದ್ರಾ ಮೇಲ್ದಂಡೆ, ಎತ್ತಿನಹೊಳೆ ಎರಡರಲ್ಲೇ ಅದು 440 ಕೋಟಿ ದಾಟುತ್ತದೆ. ಬೆಂಗಳೂರಿನ ಆ ಸೆಸ್‌ನಿಂದ ಅಷ್ಟು ಹಣ ಕೂಡಿಸಲು ನೂರು ವರ್ಷಕ್ಕೂ ಹೆಚ್ಚು ಬೇಕು. ಆ ಹಣದ ಮೊದಲ ಕಂತು ಒರತೆಗಳ ಪಟ್ಟಿಗೆ ಹೋಗಲಿ: ಯಾವ ಗುಡ್ಡದಲ್ಲಿ, ಯಾರ ಹೆಸರಿನ ಅಥವಾ ಯಾವ ಇಲಾಖೆಯ ನೆಲದಲ್ಲಿ, ಎಷ್ಟು ಮನೆಗೆ ನೀರು ಕೊಡುತ್ತಿದೆ, ನಿಮಿಷಕ್ಕೆ ಎಷ್ಟು ಲೀಟರ್. ಅಳತೆಯನ್ನು ಮೇ ತಿಂಗಳ ಎರಡನೇ ವಾರ, ಮುಂಗಾರು ಹನಿಯುವ ಮೊದಲು ತೆಗೆಯಬೇಕು. ಆಗಸ್ಟ್‌ನಲ್ಲಿ ಅಳೆದರೆ ಮಲೆನಾಡಿನ ಪ್ರತಿ ಕಲ್ಲಿನ ಸಂದಿಯಲ್ಲೂ ನೀರು ಸಿಗುತ್ತದೆ, ಆ ಅಂಕಿಯನ್ನು ನಂಬಿ ಮಾಡಿದ ಯೋಜನೆ ಮತ್ತೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಕರೆಯುತ್ತದೆ.